ಟೇಕ್ ಆಫ್ ಅಂದ್ರೆ ಏನು? ಮೊದಲು ವಾಕ್ಯ ತೋರಿಸಿ

"ಸರ್, ಟೇಕ್ ಆಫ್ ಅಂದ್ರ ಏನ್ರೀ? ಒಂದ ಅರ್ಥ ಹೇಳ್ರಿ, ಬರ್ಕೋತೀನಿ." ಬೆಳಗಾವಿಯ ನಮ್ಮ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಪ್ರತಿ ಬ್ಯಾಚಿನವರೂ ಇದನ್ನೇ ಕೇಳುತ್ತಾರೆ. ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಬರೆದಿರುತ್ತಾರೆ. ಅವರ ಶ್ರದ್ಧೆ ಕಂಡರೆ ಪ್ರೀತಿ ಬರುತ್ತೆ. ಆದರೆ ಆ ಪದ್ಧತಿಯಿಂದ ಫ್ರೇಜಲ್ ವರ್ಬ್, ಅಂದರೆ ಕ್ರಿಯಾಪದಕ್ಕೆ ಆಫ್‌ನಂಥ ಸಣ್ಣ ಪದ ಸೇರಿ ಬೇರೆ ಅರ್ಥ ಕೊಡುವ ಜೋಡಿ, ಬರೋದಿಲ್ಲ.

ಉದ್ಯಮಬಾಗ್‌ನ ಫೌಂಡ್ರಿಯೊಂದರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ ಸಂಜೆ ಬ್ಯಾಚಿಗೆ ಬರುತ್ತಾಳೆ. ಮ್ಯಾನೇಜರಿಗೆ ಕಳಿಸಬೇಕಾದ ಮೇಲ್ ತೋರಿಸಿದಳು: "ಐ ವಿಲ್ ಟೇಕ್ ಆಫ್ ಟುಮಾರೊ." ನಾಳೆ ರಜೆ ಅಂತ ಅವಳ ಲೆಕ್ಕ. ಓದಿದವರಿಗೆ ನಾಳೆ ಎಲ್ಲಿಗೋ ಹೊರಟಿದ್ದಾಳೆ ಅನ್ನಿಸುತ್ತೆ. "ಟೇಕ್ ಟುಮಾರೊ ಆಫ್" ಎಂದು ತಿದ್ದಿದೆವು. ರಜೆ ಆಯ್ತು.

ಅದಕ್ಕೇ ಹೇಳೋದು, ಮೊದಲು "ಏನನ್ನು?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಕರ್ತೃವನ್ನು ನೋಡಿ. ಸಾಂಬ್ರಾದಲ್ಲಿ ವಿಮಾನ ಟೇಕ್ ಆಫ್ ಆದರೆ ಮೇಲೇರಿತು. ವ್ಯಾಪಾರವಾದರೆ ಕುದುರಿತು. ಮನುಷ್ಯನಾದರೆ ಥಟ್ಟನೆ ಹೊರಟುಬಿಟ್ಟ. ಉತ್ತರ ಇದ್ದರೆ ಆ ವಸ್ತುವೇ ಅರ್ಥ ಹೇಳುತ್ತೆ. ಶೂ ಆದರೆ ಬಿಚ್ಚು, ಎರಡು ದಿನ ಆದರೆ ರಜೆ ತಗೋ, ಬಿಲ್ಲಿನಿಂದ ನೂರು ರೂಪಾಯಿ ಆದರೆ ಕಡಿಮೆ ಮಾಡು. ಇನ್ನೂ ಅರ್ಥಗಳಿವೆ, ಆದರೆ ದಿನಬಳಕೆಗೆ ಸಾಮಾನ್ಯವಾಗಿ ಇಷ್ಟು ಸಾಕು.

ನಮ್ಮ ಭಾಷೆಯಲ್ಲೂ ಇದು ಇದೆ ಅಲ್ವಾ? ಕ್ಲಾಸಿನಲ್ಲಿ ಕೈ ಎತ್ತಿದ ಅಂದರೆ ಉತ್ತರ ಗೊತ್ತಿದೆ. ಮಗನ ಮೇಲೆ ಕೈ ಎತ್ತಿದ ಅಂದರೆ ಹೊಡೆಯೋಕೆ ಹೋದ. ಸಾಲ ತೀರಿಸೋ ಹೊತ್ತಿಗೆ ಕೈ ಎತ್ತಿದ ಅಂದರೆ ತನ್ನಿಂದಾಗಲ್ಲ ಅಂದ. ಇದನ್ನು ನಾವ್ಯಾರೂ ಪಟ್ಟಿ ಮಾಡಿ ಕಲಿತಿಲ್ಲ.

ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಪರಭಾಷೆಯವರಿಗೆ ಅತಿ ಕಷ್ಟ ಕೊಡುವುದು ಇಂಥ ಜೋಡಿ ಪದಗಳು ಎಂದಿದ್ದಾರೆ. ಅವರ ಉದಾಹರಣೆಗಳಲ್ಲಿ ಟೇಕ್ ಆಫ್ ಕೂಡ ಇದೆ. ಕೊಟ್ಟ ಅರ್ಥ, ನಕಲು ಮಾಡು. ಇಂದಿಗೂ ಬ್ರಿಟನ್ನಿನಲ್ಲಿ ಒಬ್ಬರನ್ನು ಅಣಕಿಸುವುದಕ್ಕೆ ಹೀಗೆ ಹೇಳುತ್ತಾರೆ. ವಿಮಾನದ ಅರ್ಥ ಆಮೇಲೆ ಬಂದದ್ದು.

ಇನ್ನೊಂದು, ದಯವಿಟ್ಟು ಗಮನಿಸಿ. "ಟೇಕ್ ಆಫ್ ಯುವರ್ ಶೂಸ್", "ಟೇಕ್ ಯುವರ್ ಶೂಸ್ ಆಫ್" ಎರಡೂ ಸರಿ. ಆದರೆ ಶೂಸ್ ಬದಲು ದೆಮ್ ಬಂದರೆ ಅದು ನಡುವೆಯೇ ಕೂರಬೇಕು. "ಟೇಕ್ ದೆಮ್ ಆಫ್." "ಟೇಕ್ ಆಫ್ ದೆಮ್" ತಪ್ಪು. ಬ್ಯಾಂಕ್ ಪರೀಕ್ಷೆಗೆ ಓದುವವರೂ ಇಲ್ಲೇ ಎಡವುತ್ತಾರೆ. ನೋಟ್‌ಬುಕ್ಕಿನ ಗೆರೆ ಅಳಿಸಿ, ಪೂರ್ತಿ ವಾಕ್ಯ ಬರೆದುಕೊಂಡು ಬನ್ನಿ. ಅರ್ಥ ಕ್ಲಾಸಿನಲ್ಲಿ ಕೂತು ನೋಡೋಣ.