ಎಂಟನೇ ಸಾಲು ಇನ್ನೂ ಖಾಲಿ: 119ನೇ ಮೂಲವಸ್ತುವಿನ ಹುಡುಕಾಟ

2016ರ ನವೆಂಬರಿನಲ್ಲಿ 113, 115, 117 ಮತ್ತು 118ನೇ ಮೂಲವಸ್ತುಗಳಿಗೆ ಅಧಿಕೃತ ಹೆಸರು ದೊರೆತು, ಆವರ್ತ ಕೋಷ್ಟಕದ ಏಳನೇ ಸಾಲು ಭರ್ತಿಯಾಯಿತು. ಎಂಟನೇ ಸಾಲನ್ನು ಆರಂಭಿಸಬೇಕಾದ 119ರ ಒಂದು ಪರಮಾಣುವೂ ಇದುವರೆಗೆ ದೃಢಪಟ್ಟಿಲ್ಲವಾದರೂ ಅದರ ಗುಣಗಳ ಲೆಕ್ಕಾಚಾರ ದಶಕಗಳಿಂದ ನಡೆದಿದೆ.

ಇಂಥ ಪರಮಾಣುವನ್ನು ಪಡೆಯಲು, ಭಾರವಾದ ಮೂಲವಸ್ತುವಿನ ತೆಳು ಲೇಪನದ ಮೇಲೆ ಹಗುರ ಮೂಲವಸ್ತುವಿನ ಅಯಾನುಗಳನ್ನು (ವಿದ್ಯುದಂಶವುಳ್ಳ ಪರಮಾಣುಗಳನ್ನು) ಅತಿವೇಗದಲ್ಲಿ ಹಾಯಿಸಿ, ಎರಡು ನ್ಯೂಕ್ಲಿಯಸ್‌ಗಳು ಬೆಸೆಯಲೆಂದು ಕಾಯಬೇಕು. ರಷ್ಯದ ದುಬ್ನಾದಲ್ಲಿ 114ರಿಂದ 118ರವರೆಗಿನ ಮೂಲವಸ್ತುಗಳು ಸಿಕ್ಕಿದ್ದು, ನ್ಯೂಟ್ರಾನ್ ಹೇರಳವಾಗಿರುವ ಕ್ಯಾಲ್ಸಿಯಂ-48ರಿಂದ (48 ಎಂಬುದು ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಎಣಿಕೆ). ಆದರೆ ಮೂಲವಸ್ತುವಿನ ಸಂಖ್ಯೆಯೆಂದರೆ ಅದರ ಪ್ರೋಟಾನ್‌ಗಳ ಎಣಿಕೆಯಾದ್ದರಿಂದ, 20 ಪ್ರೋಟಾನ್‌ಗಳ ಕ್ಯಾಲ್ಸಿಯಂನಿಂದ 119ನ್ನು ಮುಟ್ಟಲು 99ನೇ ಮೂಲವಸ್ತುವಾದ ಐನ್‌ಸ್ಟೈನಿಯಂ ಬೇಕು. ಅದು ದೊರೆಯುವುದೇ ಮೈಕ್ರೊಗ್ರಾಂಗಳ ಲೆಕ್ಕದಲ್ಲಿ. 1985ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಈ ಜೋಡಿಯನ್ನೇ ಪ್ರಯೋಗಿಸಿದಾಗ ಏನೂ ಸಿಗಲಿಲ್ಲ. 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ಬರ್ಕೆಲಿಯಂ ಮೇಲೆ ಟೈಟಾನಿಯಂ ಹಾಯಿಸಿದರು. ಜಪಾನಿನ ರಿಕೆನ್ ಸಂಸ್ಥೆ 2018ರಿಂದ ಕ್ಯೂರಿಯಂ ಮೇಲೆ ವೆನಾಡಿಯಂ ಹಾಯಿಸುತ್ತಿದೆ. ಕ್ಯಾಲ್ಸಿಯಂ ಬಿಟ್ಟರೆ ಬೆಸುಗೆಯ ಸಾಧ್ಯತೆ ತೀರಾ ಇಳಿಯುತ್ತದೆ. 2024ರಲ್ಲಿ ಬರ್ಕ್ಲಿಯ ತಂಡ ಟೈಟಾನಿಯಂ ಮತ್ತು ಪ್ಲುಟೋನಿಯಂನಿಂದ 116ರ ಎರಡೇ ಎರಡು ಪರಮಾಣುಗಳನ್ನು ಪಡೆಯಲು 22 ದಿನ ಹಿಡಿದವು.

ಇಷ್ಟು ಶ್ರಮಕ್ಕೆ ಅರ್ಥ ಬರುವುದು 119ರ ರಸಾಯನಗುಣದಿಂದ ಎಂಬುದು ನನ್ನ ದೃಢ ನಂಬಿಕೆ. ಕೋಷ್ಟಕದಲ್ಲಿ ಅದರ ಜಾಗ ಸೋಡಿಯಂ, ಪೊಟ್ಯಾಸಿಯಂ, ಸೀಸಿಯಂಗಳ ಕ್ಷಾರಲೋಹ ಗುಂಪಿನ ತಳದಲ್ಲಿ. ಈ ಗುಂಪಿನಲ್ಲಿ ಕೆಳಗಿಳಿದಂತೆ ಹೊರಗಿನ ಎಲೆಕ್ಟ್ರಾನಿನ ಹಿಡಿತ ಸಡಿಲವಾಗಿ ಲೋಹದ ಚುರುಕು ಹೆಚ್ಚುವುದು ಶಾಲೆಯಲ್ಲೇ ಕಲಿತ ಪಾಠ. 119ರಲ್ಲಿ ಈ ಪಾಠ ತಲೆಕೆಳಗಾಗಬಹುದು. 119 ಪ್ರೋಟಾನ್‌ಗಳ ಸೆಳೆತಕ್ಕೆ ಒಳಗಿನ ಎಲೆಕ್ಟ್ರಾನ್‌ಗಳ ವೇಗ ಬೆಳಕಿನ ವೇಗವನ್ನು ಸಮೀಪಿಸುತ್ತದೆ. ಈ ವೇಗ ತರುವ ಸಾಪೇಕ್ಷತಾ ಪರಿಣಾಮದಿಂದ ಎಲೆಕ್ಟ್ರಾನ್‌ಗಳ ನೆಲೆಗಳಾದ ಕಕ್ಷಕಗಳು ಕುಗ್ಗಿ, ಹೊರಗಿನ ಒಂಟಿ ಎಲೆಕ್ಟ್ರಾನ್ ಕೂಡ ಒಳಕ್ಕೆ ಎಳೆಯಲ್ಪಡುತ್ತದೆ. ಅದನ್ನು ಕೀಳಲು ಸೀಸಿಯಂನಲ್ಲಿ 3.9 ಎಲೆಕ್ಟ್ರಾನ್‌ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಸಾಕು. 119ಕ್ಕೆ ಸುಮಾರು 4.5 ಬೇಕೆಂದು ಲೆಕ್ಕ ಹೇಳುತ್ತದೆ. ಅಂದರೆ ಗಾತ್ರದಲ್ಲಿ ರುಬಿಡಿಯಂ, ವರ್ತನೆಯಲ್ಲಿ ಪೊಟ್ಯಾಸಿಯಂ ಅದರ ಹತ್ತಿರದ ನೆಂಟರಾಗಬಹುದು. ಕ್ಷಾರಲೋಹಗಳಿಗೆ ಸಹಜವಾದ +1 ಸ್ಥಿತಿಯ (ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟ ಸ್ಥಿತಿ) ಜೊತೆಗೆ +3 ಸಹ ಸಾಧ್ಯವೆಂಬ ಊಹೆಯಿದೆ.

ಇದನ್ನು ಪರೀಕ್ಷಿಸಲು ಪರಮಾಣು ಸ್ವಲ್ಪ ಹೊತ್ತಾದರೂ ಬಾಳಬೇಕು. 184 ನ್ಯೂಟ್ರಾನ್‌ಗಳ ಆಸುಪಾಸಿನಲ್ಲಿ ಸ್ಥಿರತೆ ಹೆಚ್ಚುತ್ತದೆಂದು 1960ರ ದಶಕದಿಂದಲೂ ಸಿದ್ಧಾಂತ ಹೇಳುತ್ತ ಬಂದಿದೆ. ರಿಕೆನ್ ಬಳಸುವ ವೆನಾಡಿಯಂ-51 ಮತ್ತು ಕ್ಯೂರಿಯಂ-248 ಕೂಡಿದರೆ 180 ನ್ಯೂಟ್ರಾನ್‌ಗಳಾಗುತ್ತವೆ. ಕಾದ ನ್ಯೂಕ್ಲಿಯಸ್ ತಣಿಯುವಾಗ ಮೂರು ನಾಲ್ಕು ಹೊರಬಿದ್ದು, 176 ಅಥವಾ 177 ಮಾತ್ರ ಉಳಿಯುತ್ತವೆ.