ನೆರಳಿನ ಅಂಚಿನಲ್ಲಿ ಒಂದು ಇರುವೆ

ಬಿಸಿಲಿನಲ್ಲಿ ಬಿಳಿ ಕಾಗದವೊಂದನ್ನು ಹಾಸಿ, ಅದರ ಮೇಲೆ ಪೆನ್ಸಿಲನ್ನು ಅಡ್ಡಲಾಗಿ ಹಿಡಿಯಿರಿ. ಕಾಗದಕ್ಕೆ ತಾಗುವಷ್ಟು ಹತ್ತಿರವಿದ್ದಾಗ ನೆರಳು ಕಪ್ಪಗೆ, ಗೆರೆ ಎಳೆದಂತೆ ಬೀಳುತ್ತದೆ. ನಿಧಾನವಾಗಿ ಮೇಲೆತ್ತುತ್ತ ಹೋಗಿ. ಅಂಚು ಮಸುಕಾಗುತ್ತದೆ, ಕಪ್ಪು ಹೋಗಿ ಬೂದು ಬಣ್ಣ ಬರುತ್ತದೆ. ನೀವು ಎದ್ದು ನಿಂತು ಪೆನ್ಸಿಲನ್ನು ಎದೆಮಟ್ಟಕ್ಕೆ ತರುವ ಹೊತ್ತಿಗೆ ನೆರಳು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಪೆನ್ಸಿಲ್ ಅದೇ, ಸೂರ್ಯನೂ ಅವನೇ.

"ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ, ಅಡ್ಡ ಬಂದ ವಸ್ತುವಿನ ಹಿಂದೆ ನೆರಳು ಉಂಟಾಗುತ್ತದೆ" ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದವರನ್ನು ಈ ಮಸುಕಿನ ಬಗ್ಗೆ ಕೇಳಿ ನೋಡಿ, ತಡವರಿಸುತ್ತಾರೆ. ಆ ವಾಕ್ಯ ತಪ್ಪಲ್ಲ. ಆದರೆ ಅದಷ್ಟೇ ಸಾಲುವುದು ಚುಕ್ಕೆಯಷ್ಟು ಸಣ್ಣ ದೀಪಕ್ಕೆ. ಸೂರ್ಯ ನಮಗೆ ಚುಕ್ಕೆಯಾಗಿ ಕಾಣುವುದಿಲ್ಲ, ಬಿಲ್ಲೆಯಾಗಿ ಕಾಣುತ್ತಾನೆ. ನೆರಳಿನ ಸ್ವಾರಸ್ಯವೆಲ್ಲ ಇರುವುದು ಈ ಬಿಲ್ಲೆಯ ಅಗಲದಲ್ಲೇ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬಲು ಇಷ್ಟವಾದ ಉಪಾಯವೊಂದಿದೆ. ಕಾಗದದ ಮೇಲೆ ಒಂದು ಇರುವೆ ಕೂತಿದೆ ಎಂದುಕೊಳ್ಳಿ. ಅದು ತಲೆಯೆತ್ತಿದರೆ ಸೂರ್ಯ ಎಷ್ಟು ಕಾಣುತ್ತಾನೆ? ಕೇಳಬೇಕಾದ ಪ್ರಶ್ನೆ ಇದೊಂದೇ. (ಇರುವೆಯ ಕೆಲಸವನ್ನು ನೀವು ಮಾಡಹೋಗಬೇಡಿ. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ರೆಟಿನಾ ಸುಡುತ್ತದೆ.) ಸೂರ್ಯ ಪೂರ್ತಿ ಕಂಡರೆ ಇರುವೆ ಬಿಸಿಲಿನಲ್ಲಿದೆ. ಚೂರೂ ಕಾಣದಿದ್ದರೆ ದಟ್ಟ ನೆರಳಿನಲ್ಲಿದೆ. ಅರ್ಧ ಬಿಲ್ಲೆ ಪೆನ್ಸಿಲಿನ ಮರೆಯಲ್ಲಿದ್ದರೆ ಅದಕ್ಕೆ ಸಿಗುವುದು ಅರ್ಧ ಬಿಸಿಲು. ಇರುವೆ ಬಿಸಿಲಿನಿಂದ ನೆರಳಿನತ್ತ ನಡೆದಂತೆಲ್ಲ ಬಿಲ್ಲೆ ಒಂದು ಬದಿಯಿಂದ ತುಸುತುಸುವೇ ಮರೆಯಾಗುತ್ತ ಬರುತ್ತದೆ. ಆ ನಡಿಗೆಯ ದಾರಿಯೇ ಅರೆನೆರಳು. ಪೆನ್ಸಿಲ್ ಕಾಗದಕ್ಕೆ ಹತ್ತಿರವಿದ್ದರೆ ಈ ದಾರಿ ಒಂದು ಕೂದಲಿನಷ್ಟು ಕಿರಿದು. ಮೇಲೆತ್ತಿದಷ್ಟೂ ಅಗಲವಾಗುತ್ತದೆ. ಅಗಲವಾಗುತ್ತ ಎರಡೂ ಬದಿಯ ಅರೆನೆರಳುಗಳು ನಡುವಿನ ದಟ್ಟ ನೆರಳನ್ನು ತಿಂದುಹಾಕುತ್ತವೆ. ಆಮೇಲೆ ಇರುವೆ ಎಲ್ಲಿ ನಿಂತರೂ ಸೂರ್ಯ ಪೆನ್ಸಿಲಿನ ಆಚೀಚೆ ಇಣುಕುತ್ತಲೇ ಇರುತ್ತಾನೆ.

ದಟ್ಟ ನೆರಳು ಎಷ್ಟು ದೂರದವರೆಗೆ ಉಳಿಯುತ್ತದೆ? ಲೆಕ್ಕ ಸುಲಭ. ಸೂರ್ಯನ ವ್ಯಾಸ ಸುಮಾರು 13,92,000 ಕಿಲೋಮೀಟರ್, ದೂರ ಸರಾಸರಿ 14.96 ಕೋಟಿ ಕಿಲೋಮೀಟರ್. ಭಾಗಿಸಿದರೆ 107.5. ಅಂದರೆ ಯಾವುದೇ ವಸ್ತುವಿನ ದಟ್ಟ ನೆರಳು ಅದರ ದಪ್ಪದ ಸುಮಾರು 108 ಪಟ್ಟು ದೂರಕ್ಕೆ ಚೂಪಾಗುತ್ತ ಹೋಗಿ ಮುಗಿದುಬಿಡುತ್ತದೆ. (108 ಎಂದೊಡನೆ ಕಣ್ಣರಳಿಸುವವರಿದ್ದಾರೆ. ಅವರಿಗಾಗಿ: ಭೂಮಿ ಸೂರ್ಯನಿಗೆ ಹತ್ತಿರವಿರುವ ಜನವರಿಯಲ್ಲಿ ಇದು 106ರ ಆಸುಪಾಸು, ದೂರವಿರುವ ಜುಲೈನಲ್ಲಿ 109. ಇದರಲ್ಲಿ ಯಾವ ರಹಸ್ಯವೂ ಇಲ್ಲ.) 7 ಮಿಲಿಮೀಟರ್ ದಪ್ಪದ ಪೆನ್ಸಿಲಿಗೆ 75 ಸೆಂಟಿಮೀಟರ್ ಆಯಿತು. ತಲೆಗೂದಲಿಗೆ ಒಂದು ಸೆಂಟಿಮೀಟರ್ ಕೂಡ ಇಲ್ಲ; ಕಾಗದದ ಮೇಲೆ ಕೂದಲನ್ನು ಎತ್ತಿ ಇಳಿಸಿ ನೀವೇ ನೋಡಬಹುದು. 4 ಮೀಟರ್ ದಪ್ಪದ ವಿಮಾನದ ಒಡಲಿಗೆ ಸುಮಾರು 430 ಮೀಟರ್. ಹತ್ತು ಕಿಲೋಮೀಟರ್ ಮೇಲೆ ಹಾರುವ ವಿಮಾನದ ನೆರಳು ನೆಲದಲ್ಲಿ ಏಕೆ ಕಾಣುವುದಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇರುವೆಯನ್ನು ಇಷ್ಟಕ್ಕೇ ಬಿಡುವ ಮನಸ್ಸಿಲ್ಲ. ಎರಡು ಬೆರಳುಗಳನ್ನು ಬಿಸಿಲಿಗೆ ಹಿಡಿಯಿರಿ, ಒಂದು ಗೋಡೆಗೆ ಹತ್ತಿರ, ಇನ್ನೊಂದು ದೂರ. ಅವುಗಳ ನೆರಳುಗಳನ್ನು ಮೆಲ್ಲಗೆ ಒಂದರ ಬಳಿ ಒಂದು ತನ್ನಿ. ಇನ್ನೇನು ಸೇರಬೇಕು ಎನ್ನುವಾಗ ಒಂದು ನೆರಳು ತಾನಾಗಿಯೇ ಉಬ್ಬಿ ಇನ್ನೊಂದನ್ನು ಮುಟ್ಟಿಬಿಡುತ್ತದೆ, ಅಯಸ್ಕಾಂತ ಸೆಳೆದ ಹಾಗೆ. ನೆರಳುಗಳ ನಡುವೆ ಯಾವ ಸೆಳೆತವೂ ಇಲ್ಲ. ಸಂದಿಯಲ್ಲಿ ಕೂತ ಇರುವೆಗೆ ಒಂದು ಬೆರಳು ಸೂರ್ಯನ ಎಡಭಾಗವನ್ನು ಮರೆಮಾಡಿದೆ, ಇನ್ನೊಂದು ಬಲಭಾಗವನ್ನು. ಒಂದೊಂದೇ ಆಗಿದ್ದರೆ ಅರ್ಧ ಬಿಸಿಲು ಉಳಿಯುತ್ತಿತ್ತು, ಆ ಮಟ್ಟದ ಮಬ್ಬನ್ನು ನಮ್ಮ ಕಣ್ಣು ಗಮನಿಸುತ್ತಲೂ ಇರಲಿಲ್ಲ. ಎರಡೂ ಕೂಡಿದಾಗ ಏನೂ ಉಳಿಯಲಿಲ್ಲ, ಆ ಜಾಗ ಫಕ್ಕನೆ ಕಪ್ಪಾಯಿತು. ಬೆರಳುಗಳಿಗೆ ಮೊದಲಿನಿಂದಲೂ ಇದ್ದ, ನಮಗೆ ಕಾಣದಿದ್ದ ಅರೆನೆರಳು ಈಗ ಕಂಡಿತು, ಅಷ್ಟೆ.

ಈ ಮಸುಕು ಹಳೆಯ ಖಗೋಳಜ್ಞರನ್ನು ಕಾಡಿದ ಬಗೆ ಕೇಳುವಂಥದ್ದು. ನೆಟ್ಟ ಕಂಬದ, ಅಂದರೆ ಶಂಕುವಿನ ನೆರಳನ್ನು ಅಳೆದು ಕಾಲ, ಋತು, ಅಕ್ಷಾಂಶಗಳನ್ನು ಲೆಕ್ಕ ಹಾಕುತ್ತಿದ್ದವರು ಅವರು. ಶಂಕು ದೊಡ್ಡದಾದಷ್ಟೂ ನೆರಳು ಉದ್ದ, ಅಳತೆ ನಿಖರ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಶಂಕುವಿನ ಜೊತೆಗೆ ಮಸುಕೂ ಬೆಳೆಯುತ್ತದೆ! 18ನೇ ಶತಮಾನದಲ್ಲಿ ರಾಜ ಸವಾಯಿ ಜಯಸಿಂಹ ಜೈಪುರದಲ್ಲಿ ಕಟ್ಟಿಸಿದ ದೊಡ್ಡ ಸಮ್ರಾಟ್ ಯಂತ್ರ ಎಂಬ ನೆರಳು ಗಡಿಯಾರದ ಎತ್ತರ ಸುಮಾರು 27 ಮೀಟರ್. ಅದರ ನೆರಳು ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟು ಸರಿಯುವುದರಿಂದ 2 ಸೆಕೆಂಡಿನ ಗುರುತುಗಳನ್ನೇ ಕೊರೆದಿದ್ದಾರೆ. ಆದರೆ ಸೂರ್ಯ ಆಕಾಶದಲ್ಲಿ ತನ್ನ ಅಗಲದಷ್ಟು ದಾರಿ ಸಾಗಲು 2 ನಿಮಿಷ ತೆಗೆದುಕೊಳ್ಳುತ್ತಾನೆ. ಹಾಗಾಗಿ ಅರೆನೆರಳಿನ ಅಗಲ ಯಾವಾಗಲೂ 2 ನಿಮಿಷದಷ್ಟೇ. ಅಂಗೈಯಗಲದ ನೆರಳು ಗಡಿಯಾರವಿರಲಿ, ಬೆಟ್ಟದಷ್ಟು ದೊಡ್ಡದಿರಲಿ, ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ.

ತಪ್ಪಿಸಿಕೊಳ್ಳುವ ದಾರಿಯೊಂದನ್ನು ಅದಕ್ಕೂ ನಾಲ್ಕುನೂರಕ್ಕೂ ಹೆಚ್ಚು ವರ್ಷ ಮೊದಲೇ ಚೀನಾದ ಗುವೋ ಶೌಜಿಂಗ್ ಕಂಡುಕೊಂಡಿದ್ದ. 13ನೇ ಶತಮಾನದ ಈ ಖಗೋಳಜ್ಞನ ಶಂಕು ಹತ್ತು ಮೀಟರಿನ ಹತ್ತಿರದ್ದು, ತುದಿಯಲ್ಲೊಂದು ಅಡ್ಡಪಟ್ಟಿ. ನೆಲದಲ್ಲಿ ನೆರಳು ಬೀಳುವ ಜಾಗಕ್ಕೆ ತುಸು ಮೇಲೆ ಅವನು ಸಣ್ಣ ರಂಧ್ರವಿರುವ ತೆಳು ತಗಡನ್ನು ಹಿಡಿಯುತ್ತಿದ್ದ. ರಂಧ್ರದ ಮೂಲಕ ಸೂರ್ಯನ ಪುಟ್ಟ ಬಿಂಬ ಕೆಳಗೆ ಮೂಡುತ್ತಿತ್ತು, ಅದರ ಮೇಲೆ ಅಡ್ಡಪಟ್ಟಿಯ ಸಣ್ಣ ಕಪ್ಪು ಗೆರೆ. ಗೆರೆ ಬಿಂಬವನ್ನು ಸರಿಯಾಗಿ ಎರಡು ಹೋಳು ಮಾಡುವ ತನಕ ತಗಡನ್ನು ಸರಿಸಿದರೆ ನೆರಳಿನ ನಿಜವಾದ ಜಾಗ ಸಿಕ್ಕಿತು. ನಾವು ಇರುವೆಯನ್ನು ಕೇಳಿದ ಪ್ರಶ್ನೆಯನ್ನೇ ಅವನು ತಗಡಿನ ರಂಧ್ರವನ್ನು ಕೇಳಿದ್ದ. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳುವ ಬಿಸಿಲ ಚುಕ್ಕಿಗಳು ದುಂಡಗಿರುವುದೂ ಇದರಿಂದಲೇ. ಸಂದಿಗಳಿಗೆ ನಿರ್ದಿಷ್ಟ ಆಕಾರವಿಲ್ಲ, ಚುಕ್ಕಿಗಳು ಸೂರ್ಯನ ಬಿಂಬಗಳು. ಪಾರ್ಶ್ವ ಸೂರ್ಯಗ್ರಹಣದ ಹೊತ್ತಿನಲ್ಲಿ ಮರದಡಿ ನೋಡಿದರೆ ಅವೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿರುತ್ತವೆ.

ಗ್ರಹಣದಲ್ಲಿ ಇರುವೆಯ ಜಾಗದಲ್ಲಿರುವವರು ನಾವು. ಚಂದ್ರನ ವ್ಯಾಸ 3,474 ಕಿಲೋಮೀಟರ್. ಪೆನ್ಸಿಲಿನ ಸೂತ್ರವನ್ನೇ ಹಾಕಿ: ಅವನ ದಟ್ಟ ನೆರಳು ಸುಮಾರು 3,74,000 ಕಿಲೋಮೀಟರ್ ಚಾಚುತ್ತದೆ. ಭೂಮಿಯಿಂದ ಚಂದ್ರನ ದೂರವೋ ಸುಮಾರು 3,56,000ದಿಂದ 4,07,000 ಕಿಲೋಮೀಟರಿನ ನಡುವೆ ಏರಿಳಿಯುತ್ತದೆ. ನೆರಳಿನ ಮೊನೆ ನೆಲ ಮುಟ್ಟಿದರೆ ಖಗ್ರಾಸ, ಮೊನೆ ಅಂತರಿಕ್ಷದಲ್ಲೇ ಮುಗಿದರೆ ಕಂಕಣ ಗ್ರಹಣ. ಭೂಮಿಯ ನೆರಳು ಇದಕ್ಕಿಂತ ಬಹಳ ದೊಡ್ಡದು. ಚಂದ್ರನಿರುವ ದೂರದಲ್ಲೂ ಅದರ ಅಗಲ ಸುಮಾರು 9,000 ಕಿಲೋಮೀಟರ್, ಚಂದ್ರ ಪೂರ್ತಿ ಮುಳುಗಿ ಇನ್ನೂ ಜಾಗ ಉಳಿಯುತ್ತದೆ. ಸೂರ್ಯನನ್ನು ಮರೆಮಾಡುವುದು ಚಂದ್ರ, ಚಂದ್ರನನ್ನು ಮರೆಮಾಡುವುದು ಭೂಮಿಯ ನೆರಳು ಎಂದು ಆರ್ಯಭಟ 499ರ ಹೊತ್ತಿಗೆ ಸ್ಪಷ್ಟವಾಗಿ ಬರೆದು, ಭೂಮಿಯ ನೆರಳಿನ ಉದ್ದ ಲೆಕ್ಕ ಹಾಕುವ ವಿಧಾನವನ್ನೂ ಕೊಟ್ಟಿದ್ದಾನೆ. ಸಾವಿರದ ಐನೂರು ವರ್ಷಗಳ ಮೇಲೂ ಗ್ರಹಣದಲ್ಲಿ ಏನೋ ವಿಶೇಷ ಕಿರಣ ಹೊರಡುತ್ತದೆ ಎಂಬ ಮಾತು ಕಿವಿಗೆ ಬಿದ್ದಾಗ ತಾಳ್ಮೆ ತಪ್ಪುತ್ತದೆ. ನೆರಳಿಗೆ ಬೆಳಕನ್ನು ಕಳೆಯುವುದಷ್ಟೇ ಗೊತ್ತು, ಹೊಸದನ್ನು ಕೂಡಿಸಲು ಅದರ ಬಳಿ ಏನೂ ಇಲ್ಲ. ಅಪಾಯವಿರುವುದು ಕಣ್ಣಿಗೆ. ಬಿಲ್ಲೆಯ ಮುಕ್ಕಾಲು ಪಾಲು ಮುಚ್ಚಿದರೂ ಉಳಿದ ಚೂರಿನ ಪ್ರಖರತೆ ಎಂದಿನಷ್ಟೇ ಇರುತ್ತದೆ, ಅದನ್ನು ದಿಟ್ಟಿಸುವುದು ಎಂದಿನಷ್ಟೇ ಕೆಟ್ಟದ್ದು. ಇನ್ನು, ದಿನದಿನದ ಚಂದ್ರಕಲೆಗಳಿಗೂ ಭೂಮಿಯ ನೆರಳಿಗೂ ಸಂಬಂಧವೇ ಇಲ್ಲ. ಇದನ್ನು ಕಲಿತವರಿಗೂ ಹೇಳಬೇಕಾಗುತ್ತದೆ.

ನೆರಳು ಪೂರ್ತಿ ಕಪ್ಪಲ್ಲ ಎಂಬುದನ್ನು ಹೆಚ್ಚು ಬೆಳೆಸುವುದಿಲ್ಲ. ಸೂರ್ಯ ಮರೆಯಾದರೂ ಇರುವೆಗೆ ಆಕಾಶ ಕಾಣುತ್ತಿರುತ್ತದೆ, ಅಲ್ಲಿಂದ ಬೆಳಕು ಬರುತ್ತಿರುತ್ತದೆ.

ಆದರೆ ಇರುವೆಯ ಲೆಕ್ಕ ಸೋಲುವ ಒಂದು ಜಾಗವಿದೆ. 1818ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಬೆಳಕಿನ ಬಾಗುವಿಕೆಯ ಬಗ್ಗೆ ಸ್ಪರ್ಧೆ ನಡೆಸಿತು. ರಸ್ತೆ ಕಟ್ಟಿಸುವ ಎಂಜಿನಿಯರ್ ಆಗಿದ್ದ ಫ್ರೆನೆಲ್, ಬೆಳಕು ಅಲೆ ಎಂದು ವಾದಿಸುವ ಪ್ರಬಂಧ ಕಳಿಸಿದ. ಬೆಳಕು ಕಣಗಳೆಂದೇ ನಂಬಿದ್ದ ತೀರ್ಪುಗಾರ ಪ್ವಾಸೋನ್ ಆ ಗಣಿತವನ್ನು ಜಾಲಾಡಿ ಒಂದು ಅಸಂಬದ್ಧವನ್ನು ಹೊರತೆಗೆದ. ಫ್ರೆನೆಲ್ ಹೇಳುವುದು ನಿಜವಾದರೆ ದುಂಡು ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಕಾಣಬೇಕಲ್ಲ! ಅಂಚಿನ ಎಲ್ಲ ಬಿಂದುಗಳೂ ಕೇಂದ್ರದಿಂದ ಒಂದೇ ದೂರದಲ್ಲಿರುವುದರಿಂದ ಅಲ್ಲಿಂದ ಬಾಗಿ ಬಂದ ಅಲೆಗಳೆಲ್ಲ ನಡುವಿನಲ್ಲಿ ಏರಿಗೆ ಏರು, ಇಳಿತಕ್ಕೆ ಇಳಿತ ಕೂಡಿಕೊಳ್ಳಬೇಕು. ಸಮಿತಿಯಲ್ಲಿದ್ದ ಅರಾಗೋ 2 ಮಿಲಿಮೀಟರಿನ ಬಿಲ್ಲೆಯಿಟ್ಟು ನೋಡಿದ. ಚುಕ್ಕೆ ಅಲ್ಲಿತ್ತು. ಬಹುಮಾನ ಫ್ರೆನೆಲ್‌ಗೆ ಹೋಯಿತು. ತಮಾಷೆಯೆಂದರೆ ಫ್ರಾನ್ಸಿನಲ್ಲೇ ಅದಕ್ಕೂ ನೂರು ವರ್ಷ ಹಿಂದೆ ಇಬ್ಬರು ಆ ಚುಕ್ಕೆಯನ್ನು ಕಂಡು ವರದಿ ಮಾಡಿದ್ದರು, ಎಲ್ಲರೂ ಮರೆತಿದ್ದರು.

ಬಿಸಿಲಿನಲ್ಲಿ ನಾಣ್ಯ ಹಿಡಿದರೆ ಈ ಚುಕ್ಕೆ ಸಿಗುವುದಿಲ್ಲ. ಸೂರ್ಯನ ಬಿಲ್ಲೆಯ ಒಂದೊಂದು ಬಿಂದುವೂ ತನ್ನದೊಂದು ಚುಕ್ಕೆಯನ್ನು ಬೇರೆ ಬೇರೆ ಕಡೆ ಮೂಡಿಸಿ, ಎಲ್ಲವೂ ಕಲಸಿಹೋಗುತ್ತದೆ. ಚುಕ್ಕೆಯಂಥ ದೀಪವೇ ಬೇಕು. ಲೇಸರ್ ಪಾಯಿಂಟರಿನ ಕಿರಣವನ್ನು ಮಸೂರದಿಂದ ಹರಡಿ, ನಡುವೆ ಬೇರಿಂಗಿನ ಒಂದು ಸಣ್ಣ ಗುಂಡನ್ನು ಸೂಜಿಯ ತುದಿಗೆ ಅಂಟಿಸಿ ನಿಲ್ಲಿಸಿ, ಕೆಲವು ಮೀಟರ್ ಆಚೆಯ ಗೋಡೆಯ ಮೇಲೆ ಹುಡುಕಿ. ಕತ್ತಲೆ ಕೋಣೆ ಬೇಕು, ಗುಂಡು ನುಣುಪಾಗಿರಬೇಕು, ಕಿರಣದತ್ತ ಯಾರೂ ಕಣ್ಣಿಡಬಾರದು.