ಎರಿಮಣ್ಣಿನ ಮೇಲೆ ಟೊಳ್ಳು ಗೋಡೆ

ಹುಬ್ಬಳ್ಳಿ-ಧಾರವಾಡದಲ್ಲಿ 9 ಇಂಚಿನ ಗೋಡೆ ಎಂದರೆ ಗೌಂಡಿ ಇಟ್ಟಿಗೆಯನ್ನು ಮಲಗಿಸಿಯೇ ಇಡುತ್ತಾನೆ. 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ದಪ್ಪದ ಅದೇ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನೋಡಿ: 3 ಇಂಚು ದಪ್ಪದ ಒಂದು ಇಟ್ಟಿಗೆ ಹೊರಮೈಗೆ, ಇನ್ನೊಂದು ಒಳಮೈಗೆ, ನಡುವೆ 3 ಇಂಚು ಟೊಳ್ಳು. ಆ ಜೋಡಿ ಮುಗಿದಲ್ಲಿ ಎರಡೂ ಮೈಗಳನ್ನು ಹಿಡಿದಿಡಲು ಅಡ್ಡಕ್ಕೆ ಒಂದು ಇಟ್ಟಿಗೆ. ಮಾಲಿನ (ಸಿಮೆಂಟು-ಉಸುಕಿನ ಗಾರೆಯ) ದಪ್ಪ ಬಿಟ್ಟು ಲೆಕ್ಕ ಹಾಕಿದರೆ, 12 ಇಂಚು ಉದ್ದ, ನಾಲ್ಕೂವರೆ ಇಂಚು ಎತ್ತರ, 9 ಇಂಚು ದಪ್ಪದ ಗೋಡೆಗೆ ಮಾಮೂಲಿ ಪದ್ಧತಿಯಲ್ಲಿ 4 ಇಟ್ಟಿಗೆ ಬೇಕು. ಇಲ್ಲಿ 3 ಸಾಕು. ನಾಲ್ಕರಲ್ಲಿ ಒಂದು ಉಳಿಯಿತು, ಸಂದುಗಳು ಕಡಿಮೆಯಾದ್ದರಿಂದ ಸಿಮೆಂಟೂ ಉಳಿಯಿತು. ಟೊಳ್ಳಿನಲ್ಲಿ ನಿಂತ ಗಾಳಿ ಬಿಸಿಲನ್ನು ಒಳಗೆ ಬೇಗ ಬಿಡುವುದಿಲ್ಲ. ಏಪ್ರಿಲ್-ಮೇನಲ್ಲಿ ಪಡುವಣ ಗೋಡೆಯ ಕೋಣೆಯಲ್ಲಿ ಮಲಗುವವರಿಗೆ ಇದೇ ದೊಡ್ಡ ಲಾಭ.

ಇದು ರ‍್ಯಾಟ್ ಟ್ರ್ಯಾಪ್ ಬಾಂಡ್, ನಮ್ಮ ಮಾತಿನಲ್ಲಿ ಇಲಿಬೋನಿನ ಕಟ್ಟು. ಇಂಗ್ಲೆಂಡಿನ ಹಳೆಯ ಪದ್ಧತಿಯಾದ ಇದನ್ನು ಭಾರತದಲ್ಲಿ ಜನರ ಬಾಯಿಗೆ ತಂದವರು ಲಾರಿ ಬೇಕರ್. 1917ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡ ಕೆಲಸಕ್ಕೆಂದು ಭಾರತಕ್ಕೆ ಬಂದ ಈ ವಾಸ್ತುಶಿಲ್ಪಿ ಇಲ್ಲಿಯವರೇ ಆಗಿಹೋದರು. 2007ರಲ್ಲಿ ತೀರಿಕೊಂಡದ್ದೂ ತಿರುವನಂತಪುರದಲ್ಲೇ. ಆ ಊರಿನಲ್ಲಿ ಕೊಳೆಗೇರಿಯವರಿಗೂ ಮಧ್ಯಮ ವರ್ಗದವರಿಗೂ ಅವರು ಮನೆ ಕಟ್ಟಿದರು. ಹೊರಗಿನಿಂದ ಬಂದವರು ಸ್ಥಳೀಯ ಇಟ್ಟಿಗೆ, ಸ್ಥಳೀಯ ಗೌಂಡಿಯನ್ನು ಇಷ್ಟು ನಂಬಿದ್ದು ನಿಜಕ್ಕೂ ದೊಡ್ಡದು.

ಆದರೆ ಕೈತಪ್ಪಿದರೆ ಈ ಗೋಡೆ ಕೆಡುತ್ತದೆ. ಮೊದಲು ಇಟ್ಟಿಗೆಯ ಅಳತೆ. 20 ಇಟ್ಟಿಗೆಗಳನ್ನು ಉದ್ದಕ್ಕೆ ಜೋಡಿಸಿ ಅಳೆಯಿರಿ, ಬೇರೆ 20 ತೆಗೆದು ಮತ್ತೆ ಅಳೆಯಿರಿ. ಅಳತೆ ಏರುಪೇರಾದರೆ ಅಡ್ಡ ಇಟ್ಟಿಗೆ ಒಂದು ಕಡೆ ಹೊರಚಾಚುತ್ತದೆ, ಇನ್ನೊಂದು ಕಡೆ ಒಳಸರಿಯುತ್ತದೆ. ಕೊನೆಗೆ ಅದನ್ನು ಮುಚ್ಚಲು ದಪ್ಪ ಗಿಲಾವು ಬಳಿದು ಉಳಿಸಿದ ಸಿಮೆಂಟನ್ನೆಲ್ಲ ಕಳೆದುಕೊಳ್ಳುತ್ತೇವೆ. ಎರಡನೆಯದು ಗೌಂಡಿಯ ರೂಢಿ. ಕರಣೆ ತುಂಬ ಮಾಲು ಸುರಿದು ಎಳೆಯುವ ಕೈಗೆ ಟೊಳ್ಳು ಕಾಣುವುದೇ ಇಲ್ಲ. ಮಾಲು ಒಳಗೆ ಬಿದ್ದು ತುಂಬಿಕೊಂಡರೆ ಗಾಳಿಯ ಪದರವೇ ಇರುವುದಿಲ್ಲ. ಟೊಳ್ಳಿನ ಮೇಲೆ 3 ಇಂಚಿನ ಹಲಗೆಪಟ್ಟಿ ಇಟ್ಟು, ಅಂಚುಗಳಿಗಷ್ಟೇ ಮಾಲು ಹಾಕಿ, ಪಟ್ಟಿ ತೆಗೆದು ಮುಂದಿನ ಸಾಲು ಇಡಬೇಕು. ಸಿಮೆಂಟು ಒಂದಕ್ಕೆ ಉಸುಕು ಆರು. ಇಟ್ಟಿಗೆ ನೀರಿನಲ್ಲಿ ನೆನೆದಿರಬೇಕು. ಮೇಲಿನ ಸಾಲಿನ ಅಡ್ಡ ಇಟ್ಟಿಗೆ ಕೆಳಗಿನ ಟೊಳ್ಳಿನ ನಡುಮಧ್ಯಕ್ಕೆ ಬರಬೇಕು. ಬುಡದ ಸಾಲು, ಕಿಟಕಿಯ ಕೆಳಗಿನ ಸಾಲು, ಛಾವಣಿ ಕೂರುವ ಸಾಲು, ಬಾಗಿಲು-ಕಿಟಕಿಯ ಪಕ್ಕಗಳು ಮಾತ್ರ ಟೊಳ್ಳಿಲ್ಲದೆ ಗಟ್ಟಿ. ವೈರಿನ ಪೈಪನ್ನು ಕಟ್ಟುವಾಗಲೇ ಟೊಳ್ಳಿನಲ್ಲಿ ಇಳಿಬಿಡಿ. ಆಮೇಲೆ ಗೋಡೆ ಕೊರೆದರೆ 3 ಇಂಚಿನ ಮೈ ಒಡೆಯುತ್ತದೆ.

ಇನ್ನು ನಮ್ಮ ನೆಲ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿ ದಾಟಿ ನವಲಗುಂದ, ಗದಗದ ಕಡೆ ಎರಿ, ಅಂದರೆ ಕಪ್ಪು ಮಣ್ಣು. ಎರಿಮಣ್ಣಿನ ಜೇಡಿ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಬುನಾದಿ ಮೇಲೆದ್ದು ಕೆಳಗಿಳಿದರೆ ಯಾವ ಗೋಡೆಯೂ ಸೀಳುತ್ತದೆ, ಟೊಳ್ಳು ಗೋಡೆ ಬೇಗ ಸೀಳುತ್ತದೆ. ಕೇರಳದ ಜಂಬಿಟ್ಟಿಗೆ ನೆಲದ ಬುನಾದಿಯನ್ನು ಹಾಗೆಯೇ ಇಲ್ಲಿಗೆ ತರಲಾಗದು. ಎರಿಯ ಪದರ ತೆಳುವಿದ್ದರೆ ಗಟ್ಟಿ ಗರಸು (ಕಲ್ಲು ಬೆರೆತ ಮಣ್ಣು) ಸಿಗುವವರೆಗೆ ಅಗೆಯಿರಿ. ಆಳವಾಗಿದ್ದರೆ ಅಂಡರ್‌ರೀಮ್ಡ್ ಪೈಲ್: ಕನಿಷ್ಠ ಮೂರೂವರೆ ಮೀಟರ್ ಆಳಕ್ಕೆ ಇಳಿದ ಕಾಂಕ್ರೀಟ್ ಕಂಬ, ತಳದ ಹತ್ತಿರ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ. ಮೇಲಿನ ಮಣ್ಣು ಉಬ್ಬಿದರೂ ಗಡ್ಡೆ ಕಂಬವನ್ನು ಮೇಲೇಳಲು ಬಿಡುವುದಿಲ್ಲ. ಪೈಲ್‌ಗಳ ತಲೆಗೆ ಗೋಡೆಯನ್ನು ಹೊರುವ ಕಾಂಕ್ರೀಟ್ ತೊಲೆ, ಅಂದರೆ ಪ್ಲಿಂತ್ ಬೀಮ್; ಬಾಗಿಲ ಮೇಲೆ ಮನೆ ಸುತ್ತ ಕಾಂಕ್ರೀಟಿನ ಲಿಂಟಲ್ ಪಟ್ಟಿ. ಬೀಮ್‌ನ ತಳಕ್ಕೂ ಎರಿಗೂ ನಡುವೆ ಸುಮಾರು 3 ಇಂಚು ಸಂದಿ ಇರಲೇಬೇಕು. ಮಣ್ಣು ಉಬ್ಬಿ ಬರಲು ಇರುವ ಜಾಗ ಅದೊಂದೇ. ಅಂಗಳ ಸಪಾಟು ಮಾಡುವ ಭರದಲ್ಲಿ ಅದರೊಳಕ್ಕೆ ಗರಸು ತುಂಬಿ ಬಡಿಯುವವರನ್ನು ಅಲ್ಲೇ ತಡೆಯಿರಿ.